ಮಕ್ಕಳ ಜೊತೆ ಝೂಗೆ ಹೊರಟಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆ, ದಸರಾ ರಜೆ ಹತ್ತಿರ ಬಂದರೆ ಸಾಕು, ನೆಂಟರು, ಅಕ್ಕಪಕ್ಕದವರು, ಮಕ್ಕಳ ಸ್ಕೂಲಿನ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಾವು ಕರ್ನಾಟಕದ ಹಲವು ಝೂಗಳಿಗೆ ಅಜ್ಜಿ, ಮಕ್ಕಳು ಸಮೇತ ಹೋಗಿ ಬಂದವರು. ಅಲ್ಲಿ ಕಂಡದ್ದು, ಅಲ್ಲಿನ ಸಿಬ್ಬಂದಿ ಹೇಳಿದ್ದು, ಮಕ್ಕಳ ಜೊತೆ ಓಡಾಡಿ ತಿಳಿದದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

ಝೂ ಅಂದರೆ ಮೈಸೂರಿಗೇ ಹೋಗಬೇಕಾ? ನಮ್ಮ ಊರಿನ ಹತ್ತಿರ ಯಾವುದಿದೆ?

ಮೈಸೂರಿಗೇ ಹೋಗಬೇಕು ಅಂತೇನಿಲ್ಲ. ಶ್ರೀ ಚಾಮರಾಜೇಂದ್ರ ಮೃಗಾಲಯ ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಹಳೆಯದು, 1892ರಲ್ಲಿ ಶುರುವಾದದ್ದು. ಗೊರಿಲ್ಲಾ, ಆಫ್ರಿಕದ ಆನೆ ನೋಡುವ ಆಸೆ ಇದ್ದರೆ ಅಲ್ಲಿಗೇ ಹೋಗಬೇಕು. ಆದರೆ ನಾಲ್ಕು ವರ್ಷದ ಮಗುವಿಗೆ ಮೊದಲ ಸಲ ಹುಲಿ, ಕರಡಿ, ಮೊಸಳೆ ತೋರಿಸಲು ಆರೇಳು ಗಂಟೆ ಪ್ರಯಾಣ ಮಾಡಿಸುವುದು ಬೇಡ.

ಬೆಂಗಳೂರಿನವರಿಗೆ ಬನ್ನೇರುಘಟ್ಟ ಇದೆ. ಮಲೆನಾಡಿನವರಿಗೆ ಶಿವಮೊಗ್ಗದ ಹತ್ತಿರದ ತ್ಯಾವರೆಕೊಪ್ಪ. ಕರಾವಳಿಯವರಿಗೆ ಮಂಗಳೂರಿನ ಪಿಲಿಕುಳ. ಹೊಸಪೇಟೆ, ಬಳ್ಳಾರಿ ಕಡೆಯವರಿಗೆ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಪಾರ್ಕ್. ಗದಗಿನವರಿಗೆ ಬಿಂಕದಕಟ್ಟಿ, ಬೆಳಗಾವಿಯವರಿಗೆ ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ಮೃಗಾಲಯ, ದಾವಣಗೆರೆಯವರಿಗೆ ಆನಗೋಡು, ಚಿತ್ರದುರ್ಗದವರಿಗೆ ಆಡುಮಲ್ಲೇಶ್ವರ. ಕೊನೆಯ ಎರಡು ಚಿಕ್ಕವು. ಪ್ರಾಣಿಗಳೂ ಕಡಿಮೆ.

ಚಿಕ್ಕ ಝೂ ಅಂದರೆ ಮೂಗು ಮುರಿಯಬೇಡಿ. ಎರಡು ಗಂಟೆಯಲ್ಲಿ ಸುತ್ತಿ ಮುಗಿಯುತ್ತದೆ, ನೂಕುನುಗ್ಗಲು ಇರುವುದಿಲ್ಲ. ಮಗು ಕರಡಿಯ ಮುಂದೆ ಅರ್ಧ ಗಂಟೆ ನಿಂತರೂ ಹಿಂದಿನಿಂದ ಯಾರೂ "ಸ್ವಲ್ಪ ಸರೀರಿ" ಅನ್ನುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿದ್ದರೆ ಮೊದಲು ಹತ್ತಿರದ ಝೂಗೇ ಹೋಗಿ ಅಂತ ನಾನು ಹೇಳುತ್ತೇನೆ. ಮೈಸೂರು ಎಲ್ಲಿಗೂ ಹೋಗುವುದಿಲ್ಲ, ಇನ್ನೆರಡು ವರ್ಷ ಬಿಟ್ಟು ನೋಡಬಹುದು.

ಯಾವ ವಾರ ರಜೆ?

ಮೈಸೂರು, ಬನ್ನೇರುಘಟ್ಟ, ತ್ಯಾವರೆಕೊಪ್ಪ ಮೂರಕ್ಕೂ ಮಂಗಳವಾರ ರಜೆ. ಪಿಲಿಕುಳಕ್ಕೆ ಸೋಮವಾರ. ದೂರದಿಂದ ಬಂದು ಬಾಗಿಲ ಮುಂದೆ ನಿಂತು ಅಳುವ ಮಕ್ಕಳನ್ನು ಮಂಗಳವಾರ ಮೈಸೂರಿನಲ್ಲಿ ಈಗಲೂ ನೋಡಬಹುದು. ಪಕ್ಕದ ಕಾರಂಜಿ ಕೆರೆಗೆ ಹೋಗೋಣ ಅಂದರೆ ಅದಕ್ಕೂ ಅವತ್ತೇ ರಜೆ.

ದಸರಾ, ಬೇಸಿಗೆ ರಜೆಯಂಥ ದಿನಗಳಲ್ಲಿ ಮಂಗಳವಾರವೂ ತೆರೆಯುವುದುಂಟು. ಅದನ್ನು ಮುಂಚೆಯೇ ಪ್ರಕಟಿಸುತ್ತಾರೆ. ರೋಗ ಹರಡುವ ಭಯವಿದ್ದರೆ ಇದ್ದಕ್ಕಿದ್ದಂತೆ ಮುಚ್ಚುವುದೂ ಉಂಟು. 2017ರ ಜನವರಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಮೈಸೂರು ಝೂ ಸುಮಾರು ಒಂದು ತಿಂಗಳು ಮುಚ್ಚಿತ್ತು. ಹೊರಡುವ ಹಿಂದಿನ ದಿನ ಆಯಾ ಝೂನ ವೆಬ್‌ಸೈಟ್ ನೋಡಿ, ಇಲ್ಲವೇ ಒಂದು ಫೋನ್ ಮಾಡಿ. ಟಿಕೆಟ್ ದರವೂ ಆಗಾಗ ಬದಲಾಗುತ್ತದೆ. ಅದನ್ನೂ ಅಲ್ಲೇ ನೋಡಿಕೊಳ್ಳಿ.

ದಿನದಲ್ಲಿ ಯಾವ ಹೊತ್ತು ಒಳ್ಳೆಯದು?

ಬಾಗಿಲು ತೆರೆದ ಹೊತ್ತು. ಇದೊಂದು ಮಾತು ನೆನಪಿಟ್ಟುಕೊಂಡರೂ ಸಾಕು, ಅರ್ಧ ಕೆಲಸ ಆದಂತೆ.

ಮೈಸೂರು ಝೂ ಬೆಳಗ್ಗೆ 8.30ಕ್ಕೆ ತೆರೆಯುತ್ತದೆ. ಆ ಹೊತ್ತಿಗೆ ಪ್ರಾಣಿಗಳನ್ನು ರಾತ್ರಿ ಮಲಗುವ ಕೋಣೆಗಳಿಂದ ಹೊರಗಿನ ಆವರಣಕ್ಕೆ ಬಿಟ್ಟಿರುತ್ತಾರೆ. ಹುಲಿ ತನ್ನ ಜಾಗವನ್ನೆಲ್ಲ ಒಂದು ಸುತ್ತು ಮೂಸಿ ನೋಡುತ್ತದೆ. ಗಿಡದ ಬುಡಕ್ಕೆ ಬಾಲ ಎತ್ತಿ ಚಿಮುಕಿಸಿ, ಇದು ನನ್ನದು ಅಂತ ಗುರುತು ಹಾಕುತ್ತದೆ. ಕೋತಿಗಳು ಜಿಗಿದಾಡುತ್ತಿರುತ್ತವೆ. ನವಿಲು ಕೂಗುತ್ತಿರುತ್ತದೆ. ಇದೆಲ್ಲ ಹತ್ತೂವರೆ, ಹನ್ನೊಂದರವರೆಗೆ. ಬಿಸಿಲೇರಿದ ಮೇಲೆ ಎಲ್ಲವೂ ನೆರಳು ಹುಡುಕಿಕೊಂಡು ಮಲಗುತ್ತವೆ. ನಮ್ಮ ಜನ ಬರುವುದು ಮಾತ್ರ ಸರಿಯಾಗಿ ಆಗಲೇ! ತಿಂಡಿ ತಿಂದು, ಅರಮನೆ ನೋಡಿ, ಹನ್ನೆರಡಕ್ಕೆ ಝೂ ಸೇರುತ್ತಾರೆ. ಇದನ್ನು ಉಲ್ಟಾ ಮಾಡಿ. ಅರಮನೆ ಮಧ್ಯಾಹ್ನವೂ ಎದ್ದೇ ಇರುತ್ತದೆ.

ಚಿಟ್ಟೆಗಳ ಲೆಕ್ಕ ಮಾತ್ರ ಬೇರೆ. ಅವಕ್ಕೆ ರೆಕ್ಕೆ ಬಿಸಿಯಾಗದೆ ಹಾರಲು ಆಗುವುದಿಲ್ಲ. ಬನ್ನೇರುಘಟ್ಟದ ಚಿಟ್ಟೆ ಪಾರ್ಕಿಗೆ ಬೆಳಗ್ಗೆ ಮೊದಲೇ ಹೋದರೆ ಎಲೆ ಕೆಳಗೆ ಕೂತ ಚಿಟ್ಟೆಗಳನ್ನು ಹುಡುಕಬೇಕಾಗುತ್ತದೆ. ಹಾಗಾಗಿ ಅದನ್ನು ಹನ್ನೊಂದರ ಬಿಸಿಲಿಗೆ ಇಟ್ಟುಕೊಳ್ಳಿ.

ಎಷ್ಟು ಹೊತ್ತು ಬೇಕು? ಒಂದೇ ದಿನದಲ್ಲಿ ಎಲ್ಲಾ ನೋಡಬಹುದಾ?

ಮೈಸೂರಿನಲ್ಲಿ ಒಳಗೆ ಹೋದರೆ ದಾರಿ ಒಂದೇ ದಿಕ್ಕಿನಲ್ಲಿ ಸುತ್ತಿಸಿಕೊಂಡು ಹೋಗುತ್ತದೆ. ನಡಿಗೆ ಸುಮಾರು ಮೂರು ಕಿಲೋಮೀಟರ್. ದೊಡ್ಡವರು ಎರಡೂವರೆ ಗಂಟೆಯಲ್ಲಿ ಮುಗಿಸಬಹುದು. ಮಕ್ಕಳಿದ್ದರೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಬನ್ನೇರುಘಟ್ಟದಲ್ಲಿ ಸಫಾರಿ, ಝೂ, ಚಿಟ್ಟೆ ಪಾರ್ಕ್ ಮೂರೂ ಸೇರಿದರೆ ಇಡೀ ದಿನ ಹಿಡಿಯುತ್ತದೆ.

ಆದರೆ ಎಲ್ಲಾ ನೋಡಲೇಬೇಕು ಅನ್ನುವ ಹಟ ಬೇಡ. "ಬಾ ಬಾ, ಇನ್ನೂ ಸಿಂಹ ಇದೆ, ಘೇಂಡಾಮೃಗ ಇದೆ" ಅಂತ ಮಗುವಿನ ಕೈ ಹಿಡಿದು ಎಳೆದುಕೊಂಡು ಓಡುವ ಅಪ್ಪ ಅಮ್ಮಂದಿರನ್ನು ಪ್ರತಿ ಸಲವೂ ನೋಡುತ್ತೇನೆ. ಮಗು ಅಲ್ಲಿ ನೀರುಕುದುರೆ ಯಾವಾಗ ತಲೆ ಎತ್ತುತ್ತದೋ ಅಂತ ಕಾಯುತ್ತಿರುತ್ತದೆ. ಮೊದಲು ಎರಡು ಚಿಕ್ಕ ಕಿವಿ ಕಾಣುತ್ತವೆ, ಪಟಪಟ ಅಂತ ಅಲ್ಲಾಡಿ ನೀರು ಕೊಡವುತ್ತವೆ. ಆಮೇಲೆ ಕಣ್ಣು. ಆಮೇಲೆ ಮೂಗಿನ ಹೊಳ್ಳೆ ತೆರೆದು ಬುಸ್ ಅಂತ ಉಸಿರು ಬಿಡುತ್ತದೆ. ಅಷ್ಟನ್ನು ನೋಡಲು ಹತ್ತು ನಿಮಿಷ ನಿಲ್ಲಬೇಕು. ನಿಂತ ಮಗು ಅದನ್ನು ತಿಂಗಳುಗಟ್ಟಲೆ ಮನೆಯಲ್ಲಿ ಮಾಡಿ ತೋರಿಸುತ್ತದೆ. ಓಡಿಸಿಕೊಂಡು ಹೋದ ಮಗುವಿಗೆ ಐಸ್‌ಕ್ರೀಮ್ ಮಾತ್ರ ನೆನಪಿರುತ್ತದೆ.

ಹೊರಡುವ ಹಿಂದಿನ ರಾತ್ರಿ ಪ್ರತಿ ಮಗುವಿಗೂ ಎರಡೆರಡು ಪ್ರಾಣಿ ಆರಿಸಲು ಹೇಳಿ. ಅವುಗಳ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು ಅಂತ ಮಾತು ಕೊಡಿ. ಉಳಿದದ್ದು ಸಿಕ್ಕಿದಷ್ಟು.

ಹೋದಾಗೆಲ್ಲ ಹುಲಿ ಮಲಗಿಯೇ ಇರುತ್ತದೆ. ಏನಾದರೂ ಕೊಟ್ಟು ಮಲಗಿಸುತ್ತಾರಾ?

ಇಲ್ಲ. ದೊಡ್ಡ ಬೆಕ್ಕುಗಳ ಸ್ವಭಾವವೇ ಹಾಗೆ. ಸಿಂಹ ಕಾಡಿನಲ್ಲೂ ದಿನಕ್ಕೆ ಇಪ್ಪತ್ತು ಗಂಟೆಯವರೆಗೆ ಬಿದ್ದುಕೊಂಡಿರಬಲ್ಲದು. ಬೇಟೆಗೆ ಶಕ್ತಿ ಉಳಿಸಿಕೊಳ್ಳುವ ಪ್ರಾಣಿ ಅದು. ಬಿಸಿಲಲ್ಲಿ ಸುಮ್ನೆ ತಿರುಗಾಡಿದರೆ ಅದಕ್ಕೆ ಲಾಭವಿಲ್ಲ.

ಸಂಜೆ ಹೊತ್ತು ಇನ್ನೊಂದು ಅವಕಾಶ ಇದೆ. ಹುಲಿ, ಸಿಂಹಗಳಿಗೆ ಸಾಮಾನ್ಯವಾಗಿ ಸಂಜೆ ಒಳಗಿನ ಕೋಣೆಯಲ್ಲಿ ಊಟ. ಮುಚ್ಚುವ ಸಮಯಕ್ಕೆ ಒಂದು ಗಂಟೆ ಮುಂಚೆ ಅವು ಎದ್ದು ಬಾಗಿಲ ಹತ್ತಿರ ಓಡಾಡಲು ಶುರುಮಾಡುತ್ತವೆ. ವಾರಕ್ಕೊಂದು ದಿನ ಮಾಂಸಾಹಾರಿ ಪ್ರಾಣಿಗಳಿಗೆ ಉಪವಾಸವೂ ಇರುತ್ತದೆ. ಕಾಡಿನಲ್ಲಿ ಅವಕ್ಕೆ ದಿನಾ ಬೇಟೆ ಸಿಗುವುದಿಲ್ಲವಲ್ಲ, ಅದಕ್ಕೆ. ಮಕ್ಕಳಿಗೆ ಇದನ್ನು ಹೇಳಿ, ಅವರಿಗೆ ಬಹಳ ಖುಷಿಯಾಗುತ್ತದೆ. "ನಮ್ಮಜ್ಜಿ ಥರ ಹುಲಿಗೂ ಉಪವಾಸವಾ?" ಅಂತ ಕೇಳುತ್ತಾರೆ.

ಮಲಗಿದ ಪ್ರಾಣಿಯನ್ನು ಎಬ್ಬಿಸಲು ಕೂಗುವುದು, ಚಪ್ಪಾಳೆ ತಟ್ಟುವುದು, ಕಲ್ಲೆಸೆಯುವುದು ದಯವಿಟ್ಟು ಬೇಡ. ಇದು ಬರೀ ಸಭ್ಯತೆಯ ಮಾತಲ್ಲ, ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಝೂನಲ್ಲಿ ಪ್ರಾಣಿಗಳನ್ನು ಕೆಣಕುವುದು, ಗಾಯ ಮಾಡುವುದು, ತಿನ್ನಿಸುವುದು, ಗಲಾಟೆ ಮಾಡಿ ತೊಂದರೆ ಕೊಡುವುದು, ಕಸ ಎಸೆಯುವುದು ಎಲ್ಲವೂ ಅಪರಾಧ. ಆರು ತಿಂಗಳವರೆಗೆ ಜೈಲು ಆಗಬಹುದು. ನಿಮ್ಮ ಪಕ್ಕದಲ್ಲಿ ಯಾರಾದರೂ ಹೀಗೆ ಮಾಡಿದರೆ ಸುಮ್ಮನಿರಬೇಡಿ. ಮೆಲ್ಲಗೆ ಹೇಳಿ, ಕೇಳದಿದ್ದರೆ ಸಿಬ್ಬಂದಿಯನ್ನು ಕರೆಯಿರಿ. ನಿಮ್ಮ ಮಗು ನಿಮ್ಮನ್ನೇ ನೋಡುತ್ತಿರುತ್ತದೆ.

ಒಂದು ಬಾಳೆಹಣ್ಣು ಕೊಟ್ಟರೆ ಏನಾಗುತ್ತದೆ? ಆನೆ ತಿನ್ನುತ್ತದಲ್ಲ?

ತಿನ್ನುತ್ತದೆ. ದಿನಕ್ಕೆ ಸಾವಿರಾರು ಜನ ಬರುತ್ತಾರೆ, ಎಲ್ಲರೂ ಒಂದೊಂದು ಕೊಟ್ಟರೆ ಏನಾದೀತು? ಪ್ರತಿ ಪ್ರಾಣಿಗೂ ಇಷ್ಟೇ ಊಟ, ಇಂಥದ್ದೇ ಊಟ ಅಂತ ವೈದ್ಯರು ಲೆಕ್ಕ ಹಾಕಿರುತ್ತಾರೆ. ಜಿಂಕೆಗಳಿಗೆ ಚಿಪ್ಸ್, ಬಿಸ್ಕತ್ತು ಜೀರ್ಣವಾಗುವುದಿಲ್ಲ. ಕವರ್ ಸಮೇತ ನುಂಗಿದರೆ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಗಂಟು ಕಟ್ಟಿ ಸಾಯುತ್ತವೆ. ನಮ್ಮ ಕೈಯಿಂದ ರೋಗವೂ ಹೋಗಬಹುದು. ಗೊರಿಲ್ಲಾ, ಚಿಂಪಾಂಜಿಗಳಿಗೆ ನಮ್ಮ ನೆಗಡಿ ಕೂಡ ಅಂಟುತ್ತದೆ.

ಪ್ರಾಣಿಗಳಿಗೆ ರೋಗ ಎಷ್ಟು ಬೇಗ ಹರಡುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2025ರ ನವೆಂಬರ್‌ನಲ್ಲಿ ಭೂತರಾಮನಹಟ್ಟಿಯಲ್ಲಿ ಬ್ಯಾಕ್ಟೀರಿಯಾ ಸೋಂಕಿನಿಂದ ಕೆಲವೇ ದಿನಗಳಲ್ಲಿ ಎರಡು ಡಜನ್‌ಗೂ ಜಾಸ್ತಿ ಕೃಷ್ಣಮೃಗಗಳು ಸತ್ತವು. ಬಾಗಿಲಲ್ಲಿ ಔಷಧದ ನೀರಿನ ಮೇಲೆ ಕಾಲಿಟ್ಟು ಬನ್ನಿ ಅಂದರೆ ಪಕ್ಕದಿಂದ ದಾಟಬೇಡಿ. ಅದು ಸುಮ್ನೆ ಇಟ್ಟಿದ್ದಲ್ಲ.

ಬ್ಯಾಗಿನಲ್ಲಿ ಏನು ತಗೊಂಡು ಹೋಗಬೇಕು? ಊಟ ಒಳಗೆ ಬಿಡುತ್ತಾರಾ?

ಸ್ಟೀಲ್ ಬಾಟಲಿಯಲ್ಲಿ ನೀರು, ಟೋಪಿ, ಮಕ್ಕಳಿಗೆ ಒಂದು ಜೊತೆ ಹೆಚ್ಚುವರಿ ಬಟ್ಟೆ, ಒಂದು ಟವೆಲ್. ನಡೆದು ರೂಢಿ ಇರುವ ಚಪ್ಪಲಿ ಅಥವಾ ಶೂ. ಹೊಸ ಶೂ ಹಾಕಿಸಬೇಡಿ, ಮೂರು ಕಿಲೋಮೀಟರಿನಲ್ಲಿ ಹಿಮ್ಮಡಿ ಬೊಬ್ಬೆ ಏಳುತ್ತದೆ. ಇದ್ದರೆ ಒಂದು ಬೈನಾಕ್ಯುಲರ್. ಆಟಿಕೆಯಂಥದ್ದೇ ಆದರೂ ಪರವಾಗಿಲ್ಲ, ಕೆರೆಯ ಹಕ್ಕಿಗಳನ್ನು ನೋಡಲು ಮಕ್ಕಳಿಗೆ ಅದೇ ದೊಡ್ಡ ಸಂಭ್ರಮ.

ಪ್ಲಾಸ್ಟಿಕ್ ಕವರ್, ಕುರುಕಲು ಪ್ಯಾಕೆಟ್ ಒಳಗೆ ಬಿಡುವುದಿಲ್ಲ. ಬಾಗಿಲಲ್ಲೇ ಬ್ಯಾಗ್ ನೋಡುತ್ತಾರೆ. ಜಗಳ ಆಡಬೇಡಿ, ಅವರು ಮಾಡುವುದು ಸರಿ. ಬುತ್ತಿ ಕಟ್ಟಿಕೊಂಡು ಹೋಗುವ ಅಭ್ಯಾಸ ಇದ್ದರೆ ಬಹಳ ಒಳ್ಳೆಯದು, ಆದರೆ ಅದು ಗಾಡಿಯಲ್ಲೇ ಇರಲಿ. ಬೆಳಗ್ಗೆ ಹೊಟ್ಟೆ ತುಂಬ ತಿಂಡಿ ತಿನ್ನಿಸಿ ಒಳಗೆ ಹೋಗಿ. ಹೊರಗೆ ಬಂದು ಪುಳಿಯೋಗರೆಯೋ ಚಪಾತಿಯೋ ತಿನ್ನಿ. ಮೈಸೂರು, ಬನ್ನೇರುಘಟ್ಟದ ಒಳಗೆ ಕ್ಯಾಂಟೀನ್ ಇದೆ. ಚಿಕ್ಕ ಝೂಗಳಲ್ಲಿ ಅದನ್ನು ನಂಬಿಕೊಂಡು ಹೋಗಬೇಡಿ. ಕೈಕೂಸಿನ ಊಟ, ಹಾಲು ಇದ್ದರೆ ಬಾಗಿಲಲ್ಲಿ ಹೇಳಿದರೆ ಸಾಕು.

ಇನ್ನೊಂದು ವಿಷಯ, ಕೋತಿಗಳು. ಬೋನಿನಲ್ಲಿರುವವಲ್ಲ, ಹೊರಗೆ ಓಡಾಡುವವು. ಕೈಯಲ್ಲಿ ತಿಂಡಿ ಕಂಡರೆ ಕಿತ್ತುಕೊಳ್ಳುತ್ತವೆ. ಕಿತ್ತುಕೊಂಡರೆ ಬಿಟ್ಟುಬಿಡಿ, ಜಗ್ಗಾಡಬೇಡಿ. ಮಕ್ಕಳಿಗೂ ಮುಂಚೆಯೇ ಹೇಳಿಕೊಡಿ: ಕೋತಿಯ ಕಣ್ಣಿಗೆ ಕಣ್ಣಿಟ್ಟು ನೋಡಬಾರದು, ಹಲ್ಲು ಕಿರಿಯಬಾರದು. ಪರಚಿದರೆ ಅಥವಾ ಕಚ್ಚಿದರೆ ಸೋಪು ಹಾಕಿ ಚೆನ್ನಾಗಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆಗೆ ನಾಳೆ ನೋಡೋಣ ಅನ್ನಬಾರದು.

ಅಜ್ಜಿ ತಾತಂದಿರನ್ನು ಕರೆದುಕೊಂಡು ಹೋಗಬಹುದಾ? ಮಂಡಿನೋವು ಇದೆ.

ಖಂಡಿತ ಕರೆದುಕೊಂಡು ಹೋಗಿ. ಮೈಸೂರಿನಲ್ಲಿ ಬ್ಯಾಟರಿ ಗಾಡಿ ಇದೆ, ಬೇರೆ ಟಿಕೆಟ್. ವೀಲ್‌ಚೇರ್ ಕೂಡ ಸಿಗುತ್ತದೆ. ಜನ ಜಾಸ್ತಿ ಇರುವ ದಿನ ಬ್ಯಾಟರಿ ಗಾಡಿಗೆ ಕಾಯಬೇಕಾಗುತ್ತದೆ, ಹಾಗಾಗಿ ಒಳಗೆ ಹೋದ ಕೂಡಲೇ ವಿಚಾರಿಸಿ.

ನಮ್ಮ ಹಿರಿಯರ ತೊಂದರೆ ಏನೆಂದರೆ, "ನನಗೇನಾಗಿದೆ, ನಡೀತೀನಿ" ಅನ್ನುತ್ತಾರೆ. ಅರ್ಧ ದಾರಿಗೆ ಕೂತುಬಿಡುತ್ತಾರೆ. ಒಂದೇ ದಿಕ್ಕಿನ ದಾರಿಯಾದ್ದರಿಂದ ಹಿಂದೆ ಬರುವುದೂ ಕಷ್ಟ. ನಮ್ಮತ್ತೆಗೆ ನಾವು ಹೇಳುವುದು ಹೀಗೆ: "ಗಾಡಿಯಲ್ಲಿ ಮಗುವನ್ನು ನೋಡಿಕೊಳ್ಳಲು ನೀವು ಬೇಕು." ಆಗ ಹತ್ತುತ್ತಾರೆ. ಅವರ ಜೊತೆ ಹೋದರೆ ಇನ್ನೊಂದು ಲಾಭ ಇದೆ. ಕಾಟಿ, ಕಡವೆ, ಕಾಡುಹಂದಿ, ಮುಂಗುಸಿ ಇವನ್ನೆಲ್ಲ ಹಳ್ಳಿಯಲ್ಲಿ ಬೆಳೆದ ಅಜ್ಜಿ ತಾತಂದಿರು ಬರಿಗಣ್ಣಲ್ಲಿ ಕಂಡವರು. ಬೋರ್ಡಿನಲ್ಲಿ ಬರೆಯದ ಕಥೆಗಳು ಅವರ ಹತ್ತಿರ ಇರುತ್ತವೆ. ಆ ಆವರಣಗಳ ಮುಂದೆ ಬೆಂಚು ಹುಡುಕಿ ಅವರನ್ನು ಕೂರಿಸಿ, ಮಕ್ಕಳನ್ನು ಪಕ್ಕದಲ್ಲಿ ಬಿಡಿ.

ಬನ್ನೇರುಘಟ್ಟದಲ್ಲಿ ಸಫಾರಿ ಮೊದಲಾ, ಝೂ ಮೊದಲಾ?

ಸಫಾರಿ ಮೊದಲು. ಶನಿವಾರ, ಭಾನುವಾರ ಅಲ್ಲಿ ಸಾಲು ಬೇಗ ಬೆಳೆಯುತ್ತದೆ. ಟಿಕೆಟ್ ಆನ್‌ಲೈನ್‌ನಲ್ಲಿ ತಗೊಂಡಿದ್ದರೆ ಒಂದು ಸಾಲು ತಪ್ಪುತ್ತದೆ. ಸಾಧ್ಯವಾದರೆ ವಾರದ ಮಧ್ಯದಲ್ಲಿ, ಬುಧವಾರ, ಗುರುವಾರ ಹೋಗಿ. ಬಸ್ಸಿನಲ್ಲಿ ಹೋಗುವವರಿಗೆ ಮೆಜೆಸ್ಟಿಕ್‌ನಿಂದ 365 ನಂಬರಿನ ಬಿಎಂಟಿಸಿ ಇದೆ. ಭಾನುವಾರ ಬನ್ನೇರುಘಟ್ಟ ರಸ್ತೆಯಲ್ಲಿ ಕಾರು ಓಡಿಸುವುದಕ್ಕಿಂತ ಅದೇ ನೆಮ್ಮದಿ.

ಸಫಾರಿಯಲ್ಲಿ ಜಿಂಕೆ, ಕಾಟಿಗಳಂಥ ಸಸ್ಯಾಹಾರಿಗಳು, ಕರಡಿ, ಸಿಂಹ, ಹುಲಿ ಕಾಣಿಸುತ್ತವೆ. 2024ರಿಂದ ಚಿರತೆಗೂ ಬೇರೆ ಆವರಣ ಇದೆ. ಕರಡಿಗಳ ಬಗ್ಗೆ ಮಕ್ಕಳಿಗೆ ಒಂದು ಮಾತು ಹೇಳಿ. ಹಿಂದೆ ಬೀದಿಬೀದಿಯಲ್ಲಿ ಮೂಗಿಗೆ ಹಗ್ಗ ಹಾಕಿ ಕರಡಿ ಕುಣಿಸುತ್ತಿದ್ದರಲ್ಲ, ಹಾಗೆ ಬಿಡಿಸಿ ತಂದ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಒಂದು ಆಶ್ರಯ ಕೇಂದ್ರವಿದೆ. ನಮ್ಮ ವಯಸ್ಸಿನವರು ಆ ಕುಣಿತ ನೋಡಿ ಕಾಸು ಕೊಟ್ಟವರು. ಈಗಿನ ಮಕ್ಕಳು ಅದನ್ನು ನೋಡದೇ ಬೆಳೆಯುತ್ತಿದ್ದಾರೆ ಅನ್ನುವುದೇ ಒಂದು ಸಮಾಧಾನ.

ಒಂದು ಎಚ್ಚರಿಕೆ. ಕಿಟಕಿಯ ಜಾಲರಿಗೆ ಕೈ, ಬೆರಳು, ಮೊಬೈಲ್ ಯಾವುದನ್ನೂ ತಾಗಿಸಬೇಡಿ. 2025ರಲ್ಲಿ ಅಲ್ಲಿನ ಸಫಾರಿಯಲ್ಲಿ ಚಿರತೆ ಕಿಟಕಿಗೆ ಹಾರಿ ಒಬ್ಬ ಹುಡುಗನನ್ನು ಪರಚಿತ್ತು. ಚಿರತೆ ಮರ ಹತ್ತುವ ಪ್ರಾಣಿ, ಬಸ್ಸಿನ ಎತ್ತರ ಅದಕ್ಕೆ ಲೆಕ್ಕವಿಲ್ಲ. ಚಿಕ್ಕ ಮಕ್ಕಳನ್ನು ಕಿಟಕಿ ಪಕ್ಕ ಒಬ್ಬರೇ ಕೂರಿಸಬೇಡಿ, ತೊಡೆ ಮೇಲೆ ಇಟ್ಟುಕೊಳ್ಳಿ.

ಶಿವಮೊಗ್ಗ ಕಡೆ ಹೋದರೆ ಒಂದೇ ದಿನದಲ್ಲಿ ಏನೇನು ಸೇರಿಸಬಹುದು?

ಇದು ನನಗೆ ಬಹಳ ಇಷ್ಟವಾದ ದಾರಿ. ಬೆಳಗ್ಗೆ ಮೊದಲು ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುತ್ತಾರೆ. ಮಾವುತರು ಆನೆಯನ್ನು ಮಗ್ಗುಲಿಗೆ ಮಲಗಿಸಿ, ಕಲ್ಲಿನಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಾರೆ. ಸೊಂಡಿಲು ಮಾತ್ರ ನೀರಿನಿಂದ ಮೇಲೆ ಎದ್ದಿರುತ್ತದೆ. ಇದೆಲ್ಲ ಹನ್ನೊಂದರೊಳಗೆ ಮುಗಿದುಹೋಗುತ್ತದೆ. ತಡವಾಗಿ ಹೋದರೆ ಖಾಲಿ ನದಿ ದಡ ನೋಡಿ ಬರಬೇಕು.

ಊಟ ಮುಗಿಸಿ ತ್ಯಾವರೆಕೊಪ್ಪ. ಅದು ಸಾಗರ ರಸ್ತೆಯಲ್ಲಿದೆ, ಊರಿನಿಂದ ಸುಮಾರು 10 ಕಿಲೋಮೀಟರ್. ಸಿಂಹ, ಹುಲಿ ಸಫಾರಿ ಜೊತೆ ಚಿಕ್ಕ ಝೂ ಕೂಡ ಇದೆ. ಮಾರನೇ ದಿನ ಜೋಗಕ್ಕೆ ಹೋಗುವವರಾದರೆ ಅದೇ ರಸ್ತೆ, ಹೋಗುತ್ತಾ ನೋಡಿಕೊಂಡು ಹೋಗಬಹುದು. ಮಂಗಳವಾರ ಬೀಳದಂತೆ ಮಾತ್ರ ನೋಡಿಕೊಳ್ಳಿ.

ಹಂಪಿಗೆ ಹೋಗುತ್ತಿದ್ದೇವೆ. ಮಕ್ಕಳು ಕಲ್ಲು ನೋಡಿ ಬೇಜಾರಾಗಿದೆ ಅನ್ನುತ್ತಾರೆ.

ಹಾಗಾದರೆ ಕಮಲಾಪುರದ ಪಾರ್ಕಿಗೆ ಅರ್ಧ ದಿನ ಕೊಡಿ. ಅಲ್ಲಿಯೂ ಸಫಾರಿ ಇದೆ. ಬಳ್ಳಾರಿ ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಮಾರ್ಚ್‌ನಿಂದ ಮೇವರೆಗೆ ಮಕ್ಕಳನ್ನು ಅಲ್ಲಿ ಮಧ್ಯಾಹ್ನ ಓಡಾಡಿಸಬೇಡಿ. ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ.

ಸಂಜೆಗೆ ದರೋಜಿ ಕರಡಿಧಾಮ ಸೇರಿಸಿಕೊಳ್ಳಿ. 1994ರಲ್ಲಿ ಕರಡಿಗಳಿಗಾಗಿಯೇ ಮಾಡಿದ ಅಭಯಾರಣ್ಯ ಅದು. ಬೋನಿಲ್ಲ, ಕಂದಕವಿಲ್ಲ. ವೀಕ್ಷಣಾ ಗೋಪುರದ ಮೇಲೆ ಕೂತು ಎದುರಿನ ಬಂಡೆಗುಡ್ಡ ನೋಡುತ್ತಾ ಕಾಯಬೇಕು. ಮಧ್ಯಾಹ್ನದ ಮೇಲೆ ಕರಡಿಗಳು ಗುಹೆಗಳಿಂದ ಇಳಿದು ಬರುತ್ತವೆ, ಕೆಲವೊಮ್ಮೆ ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡು. ಬೆಳಗ್ಗೆ ಝೂನಲ್ಲಿ ಕರಡಿ ನೋಡಿ ಸಂಜೆ ಕಾಡಿನ ಕರಡಿ ನೋಡಿದ ಮಗುವಿಗೆ ವ್ಯತ್ಯಾಸ ಯಾರೂ ವಿವರಿಸಬೇಕಿಲ್ಲ. ಇಲ್ಲಿ ಬೈನಾಕ್ಯುಲರ್ ಬೇಕೇ ಬೇಕು.

ಗದಗಿಗೆ ಹೋಗುವವರೂ ಹೀಗೆಯೇ ಮಾಡಬಹುದು. ಚಳಿಗಾಲದಲ್ಲಿ ಬಿಂಕದಕಟ್ಟಿ ಜೊತೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ನೋಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಪ್ರಪಂಚದ ಮುಖ್ಯ ಕೆರೆ, ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು.

ಮಳೆಗಾಲದಲ್ಲಿ ಪಿಲಿಕುಳ ಹೇಗೆ?

ಜೂನ್, ಜುಲೈನಲ್ಲಿ ಬೇಡ. ಮಂಗಳೂರಿನ ಮಳೆಯಲ್ಲಿ ಕೊಡೆ ಹಿಡಿದು ಪ್ರಾಣಿ ನೋಡುವುದು ಆಗುವ ಮಾತಲ್ಲ. ಅಕ್ಟೋಬರ್ ಮೇಲೆ ಹೋಗಿ. ಪಿಲಿಕುಳದ ಹೆಮ್ಮೆ ಕಾಳಿಂಗ ಸರ್ಪ. ಅಲ್ಲಿ ಅದರ ಮರಿಗಳನ್ನೂ ಮಾಡಿಸಿದ್ದಾರೆ. ಗೂಡು ಕಟ್ಟಿ ಮೊಟ್ಟೆ ಕಾಯುವ ಹಾವು ಅದೊಂದೇ. ಎಲೆ ಗುಡ್ಡೆ ಹಾಕಿ, ಅದರೊಳಗೆ ಮೊಟ್ಟೆ ಇಟ್ಟು, ಮೇಲೆ ತಾನು ಸುತ್ತಿಕೊಂಡು ಕೂರುತ್ತದೆ. ಹಾವು ಅಂದರೆ ಹೌಹಾರುವ ಮಕ್ಕಳಿಗೆ ಇದನ್ನು ಹೇಳಿದರೆ ಗಾಜಿಗೆ ಮುಖ ಹಚ್ಚಿ ನಿಲ್ಲುತ್ತಾರೆ.

ಅದೇ ಆವರಣದಲ್ಲಿ ತುಳುನಾಡಿನ ಗುತ್ತುಮನೆ (ಹಳೆಯ ಕಾಲದ ದೊಡ್ಡ ಮನೆತನದ ಮನೆ) ಇದೆ, ಕೆರೆ ಇದೆ, ಸ್ವಾಮಿ ವಿವೇಕಾನಂದ ತಾರಾಲಯ ಇದೆ. ಮಧ್ಯಾಹ್ನದ ಸೆಕೆಗೆ ತಾರಾಲಯದೊಳಗೆ ಹೋಗಿ ಕೂತುಬಿಡಿ.

ಬಿಳಿ ಹುಲಿ ಬೇರೆ ಜಾತಿನಾ?

ಅಲ್ಲ. ಅದು ನಮ್ಮದೇ ಬಂಗಾಳದ ಹುಲಿ. ಅಪ್ಪ ಅಮ್ಮ ಇಬ್ಬರಿಂದಲೂ ಒಂದು ವಿಶೇಷ ವಂಶವಾಹಿ ಬಂದರೆ ಬಣ್ಣ ಬಿಳಿಯಾಗುತ್ತದೆ. 1951ರಲ್ಲಿ ಮಧ್ಯಪ್ರದೇಶದ ರೀವಾದಲ್ಲಿ ಹಿಡಿದ ಮೋಹನ್ ಅನ್ನುವ ಮರಿಯಿಂದ ಇವುಗಳ ವಂಶ ಬೆಳೆಯಿತು. ಬಣ್ಣಕ್ಕಾಗಿ ಹತ್ತಿರದ ರಕ್ತಸಂಬಂಧದಲ್ಲೇ ಜೋಡಿ ಮಾಡಿಸಿದ್ದರಿಂದ ಮೆಳ್ಳಗಣ್ಣಿನಂಥ ತೊಂದರೆಗಳೂ ಬಂದವು. ಜನ ಬಿಳಿ ಹುಲಿಯ ಮುಂದೆ ಮುಗಿಬೀಳುತ್ತಾರೆ. ಪಕ್ಕದಲ್ಲಿ ಸಿಂಗಳೀಕ ಕೂತಿರುತ್ತದೆ, ಯಾರೂ ನೋಡುವುದಿಲ್ಲ. ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಗದ ಪ್ರಾಣಿ ಅದು. ನಿಮ್ಮ ಮಕ್ಕಳನ್ನು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ.

"ಪಾಪ, ಯಾಕೆ ಕೂಡಿಹಾಕಿದ್ದಾರೆ?" ಅಂತ ಮಗು ಕೇಳಿದರೆ ಏನು ಹೇಳಲಿ?

ನಿಜ ಹೇಳಿ. ಇದು ಒಳ್ಳೆಯ ಪ್ರಶ್ನೆ, ಬೇರೆ ಮಾತು ತೆಗೆದು ತೇಲಿಸಬೇಡಿ.

ಝೂನಲ್ಲಿರುವ ಬಹಳ ಪ್ರಾಣಿಗಳು ಝೂನಲ್ಲೇ ಹುಟ್ಟಿದವು, ಅಥವಾ ಬೇರೆ ಝೂನಿಂದ ವಿನಿಮಯವಾಗಿ ಬಂದವು. ಮೈಸೂರಿನ ಥಾಬೊ, ಡೆಂಬಾ ಅನ್ನುವ ಗೊರಿಲ್ಲಾ ಸಹೋದರರು 2021ರಲ್ಲಿ ಜರ್ಮನಿಯಿಂದ ಬಂದರು. ಇನ್ನು ಕೆಲವು ಅಮ್ಮನನ್ನು ಕಳೆದುಕೊಂಡ ಮರಿಗಳು. ಕಬ್ಬಿನ ಗದ್ದೆಯಲ್ಲಿ ಸಿಗುವ ಚಿರತೆ ಮರಿಗಳ ಸುದ್ದಿ ಪೇಪರಿನಲ್ಲಿ ಓದಿರುತ್ತೀರಲ್ಲ, ಅಂಥವು. ಊರಿಗೆ ನುಗ್ಗಿ ಹಿಡಿಸಿಕೊಂಡ ಹುಲಿಗಳಿಗೆ ಮೈಸೂರಿನ ಹತ್ತಿರ ಕೂರ್ಗಳ್ಳಿಯಲ್ಲಿ ಬೇರೆ ಕೇಂದ್ರ ಇದೆ. ಅಲ್ಲಿಗೆ ಜನರನ್ನು ಬಿಡುವುದಿಲ್ಲ, ಬಿಡದಿರುವುದೇ ಸರಿ.

ಹಾಗಂತ ಎಲ್ಲಾ ಸರಿಯಿದೆ ಅಂತಲೂ ಹೇಳಬೇಡಿ. ಒಂದೇ ಜಾಗದಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ ನಡೆಯುವ ಪ್ರಾಣಿಯನ್ನು ಮಗು ಗಮನಿಸುತ್ತದೆ. ಅದು ಊಟಕ್ಕೆ ಕಾಯುತ್ತಿರಬಹುದು. ದಿನವಿಡೀ ಹಾಗೇ ನಡೆಯುತ್ತಿದ್ದರೆ ಅದಕ್ಕೆ ಬೇಜಾರಾಗಿದೆ, ಜಾಗ ಸಾಲದು, ಮಾಡಲು ಕೆಲಸವಿಲ್ಲ ಅಂತ ಅರ್ಥ. ಒಳ್ಳೆಯ ಝೂನಲ್ಲಿ ಮರದ ದಿಮ್ಮಿ, ನೀರಿನ ಗುಂಡಿ, ಹುದುಗಿಸಿಟ್ಟ ಊಟ ಎಲ್ಲ ಕೊಟ್ಟು ಅದನ್ನು ಕಡಿಮೆ ಮಾಡುತ್ತಾರೆ. ಬೇಸಿಗೆಯಲ್ಲಿ ಕರಡಿಗಳಿಗೆ ಐಸಿನೊಳಗೆ ಹಣ್ಣು ಇಟ್ಟು ಕೊಡುವುದು ಅದಕ್ಕೇ. ಯಾವ ಆವರಣದಲ್ಲಿ ಏನೇನು ಇಟ್ಟಿದ್ದಾರೆ ಅಂತ ಮಗುವಿನ ಜೊತೆ ಎಣಿಸಿ ನೋಡಿ. ಚೆನ್ನಾಗಿಲ್ಲ ಅನ್ನಿಸಿದರೆ ಹೊರಗೆ ಬರುವಾಗ ಸಲಹಾ ಪುಸ್ತಕದಲ್ಲಿ ಬರೆಯಿರಿ. ಮಗುವಿನ ಕೈಯಲ್ಲೇ ಬರೆಸಿ.

ಮಗು ತಪ್ಪಿಸಿಕೊಂಡರೆ?

ಒಳಗೆ ಹೋಗುವ ಮುನ್ನ ಮಗುವಿನ ಮುಂಗೈ ಮೇಲೆ ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ಅವತ್ತಿನ ಬಟ್ಟೆಯಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. "ಕಾಣದಿದ್ದರೆ ಇದ್ದಲ್ಲೇ ನಿಂತುಕೋ, ಯೂನಿಫಾರ್ಮ್ ಹಾಕಿದವರಿಗೆ ಹೇಳು" ಅಂತ ಹೇಳಿಕೊಡಿ. ದಸರಾ ಸಮಯದಲ್ಲಿ ಮೈಸೂರಿಗೆ ಹೋಗುವವರಿಗೆ ಇದು ತುಂಬಾ ಮುಖ್ಯ. ಆ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎರಡು ವರ್ಷದ ಕೂಸಿದ್ದರೆ ದಸರಾ ಬಿಟ್ಟು ಬೇರೆ ದಿನ ಹೋಗಿ.

ಮೈಸೂರಿನಲ್ಲಿ ಝೂ ಮುಗಿದ ಮೇಲೆ?

ಕಾರಂಜಿ ಕೆರೆ ಪಕ್ಕದಲ್ಲೇ ಇದೆ. ಹಕ್ಕಿಗಳ ನಡುವೆ ನಡೆದಾಡುವಂಥ ದೊಡ್ಡ ಪಂಜರ, ಚಿಟ್ಟೆ ಪಾರ್ಕ್ ಇವೆ. ಆದರೆ ಮಕ್ಕಳು ಸುಸ್ತಾಗಿದ್ದರೆ ಅದನ್ನು ಬಿಟ್ಟು ರೂಮಿಗೆ ಹೋಗಿ ಮಲಗಿಸಿ. ಭಾನುವಾರವೋ ಸರ್ಕಾರಿ ರಜೆಯೋ ಆದರೆ ಸಂಜೆ 7ಕ್ಕೆ ಅರಮನೆಯ ದೀಪ ಹಚ್ಚುತ್ತಾರೆ, ಅದಕ್ಕೆ ಎಬ್ಬಿಸಿ.

ಪ್ರಾಣಿ ದತ್ತು ತಗೊಳ್ಳೋದು ಅಂದರೇನು? ಮನೆಗೆ ಕೊಡುತ್ತಾರಾ?

ಮಕ್ಕಳು ಎಲ್ಲರೂ ಕೇಳುವ ಪ್ರಶ್ನೆ ಇದು! ಮನೆಗೆ ಕೊಡುವುದಿಲ್ಲ. ಒಂದು ಪ್ರಾಣಿಯ ಊಟ, ಆರೈಕೆಯ ಖರ್ಚಿಗೆ ಇಷ್ಟು ದಿನಕ್ಕೆ ಇಷ್ಟು ಅಂತ ನೀವು ಹಣ ಕೊಡುತ್ತೀರಿ. ಲವ್‌ಬರ್ಡ್‌ನಂಥ ಚಿಕ್ಕ ಹಕ್ಕಿಯಿಂದ ಹಿಡಿದು ಆನೆಯವರೆಗೆ ಬೇರೆ ಬೇರೆ ದರ ಇದೆ. ಆದಾಯ ತೆರಿಗೆಯಲ್ಲಿ 80ಜಿ ವಿನಾಯಿತಿಯೂ ಸಿಗುತ್ತದೆ. ಕೋವಿಡ್ ಬಂದು ಝೂಗಳು ಮುಚ್ಚಿ, ಟಿಕೆಟ್ ಹಣ ನಿಂತುಹೋದಾಗ ಪ್ರಾಣಿಗಳ ಹೊಟ್ಟೆ ತುಂಬಿಸಲು ನೆರವಾದದ್ದು ಹೀಗೆ ಕೊಟ್ಟವರ ಹಣ.

ಹುಟ್ಟುಹಬ್ಬಕ್ಕೆ ದೊಡ್ಡ ಕೇಕ್, ಬಲೂನು ಅಂತ ಖರ್ಚು ಮಾಡುವ ಬದಲು ಮಗುವಿನ ಹೆಸರಿನಲ್ಲಿ ಒಂದು ಹಕ್ಕಿಯನ್ನೋ ಆಮೆಯನ್ನೋ ದತ್ತು ತಗೊಳ್ಳಿ. ಕರ್ನಾಟಕ ಮೃಗಾಲಯ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಮಾಡಬಹುದು, ಹೊರದೇಶದಲ್ಲಿರುವ ಅತ್ತೆ ಮಾವಂದಿರೂ ಅಲ್ಲಿಂದಲೇ ಕೊಡಬಹುದು. ಮೈಸೂರೇ ಆಗಬೇಕಿಲ್ಲ. ಗದಗ, ಬೆಳಗಾವಿಯಂಥ ಝೂಗಳಿಗೆ ಕೊಡುವವರು ಕಡಿಮೆ, ನಿಮ್ಮ ಊರಿಗೆ ಹತ್ತಿರದ್ದನ್ನು ಆರಿಸಿ. ಪ್ರಮಾಣಪತ್ರ ಬಂದ ಮೇಲೆ ಅದರಲ್ಲಿರುವ ಪ್ರಾಣಿಯನ್ನು ನೋಡಲು ಮಗು ತಾನೇ ದಿನ ಗೊತ್ತುಮಾಡುತ್ತದೆ. ಮಂಗಳವಾರ ಬಿಟ್ಟು.